ಲವ್ ಸ್ಟೋರಿ ಬರೆದಾಯ್ತು, ಯಾರ ಕೈಗೆ ಕೊಡೋದು?

ಎಂಜಿನಿಯರಿಂಗ್ ಕಾಲೇಜಲ್ಲಿ ಬರೀ ಕೋಡ್ ಬರೆಯೋರೇ ಇರ್ತಾರೆ ಅಂತ ಹೊರಗಿನವರು ಅಂದುಕೊಂಡಿದ್ದಾರೆ. ನಿಜ ನಮಗೆ ಗೊತ್ತು. ಪ್ರತಿ ಸೆಕ್ಷನ್ನಲ್ಲೂ ಕೊನೇ ಪಕ್ಷ ಒಬ್ಬರು ಫೋನಲ್ಲಿ ಪ್ರೇಮಕಥೆ ಬರೀತಿರ್ತಾರೆ. ಬನಶಂಕರಿಯಿಂದ ಬಸ್ಸಲ್ಲಿ ಬರುವಾಗ ಒಂದು ಪ್ಯಾರಾ, ಲ್ಯಾಬ್ ರೆಕಾರ್ಡ್ ಮುಗಿಸಿದ ಮೇಲೆ ಇನ್ನೊಂದು ಪ್ಯಾರಾ. ಮೂರು ಸೆಮ್ ಕಳೆಯೋದ್ರೊಳಗೆ ಅದು ಇನ್ನೂರು ಪುಟ ಆಗಿರುತ್ತೆ. ಆಮೇಲೆ ಪ್ರಶ್ನೆ ಬರುತ್ತೆ: ಇದನ್ನ ಪುಸ್ತಕ ಮಾಡೋದು ಹೇಗೆ?

ಉತ್ತರ ಕೊಡೋಕೆ ತುಂಬಾ ಜನ ಕಾಯ್ತಿದ್ದಾರೆ. ಇನ್‌ಸ್ಟಾಗ್ರಾಂ ತೆಗೆದರೆ ಸಾಕು, "30 ದಿನದಲ್ಲಿ ಲೇಖಕರಾಗಿ" ಅನ್ನೋ ಜಾಹೀರಾತು. ಆ್ಯಪ್‌ಗಳಿವೆ, ಪ್ಯಾಕೇಜ್‌ಗಳಿವೆ. ಇಷ್ಟೆಲ್ಲ ಇರುವಾಗ ಹಳೇ ಕಾಲದ ಥರ ಒಬ್ಬ ಪ್ರಕಾಶಕರಿಗೆ ಹಸ್ತಪ್ರತಿ ಕೊಟ್ಟು, ಆರು ತಿಂಗಳು ಕಾದು, ಅವರು ಬೇಡ ಅಂದರೆ ಸುಮ್ಮನೆ ವಾಪಸ್ ಬರೋದು ಯಾಕೆ ಅಂತ ಅನ್ನಿಸೋದು ಸಹಜ. ಆದರೂ ಮೊದಲ ಪ್ರೇಮ ಕಾದಂಬರಿಗೆ ಅದೇ ಒಳ್ಳೇ ದಾರಿ ಅಂತ ನಾನು ಹೇಳ್ತೀನಿ. ಹೆಸರು ಬರುತ್ತೆ ಅನ್ನೋದು ಅದಕ್ಕೆ ಕಾರಣ ಅಲ್ಲ. ಪ್ರೇಮಕಥೆ ಓದುವವರನ್ನ ಈಗಾಗಲೇ ಹುಡುಕಿಟ್ಟುಕೊಂಡಿರೋ, ಪುಸ್ತಕ ಮಾರಾಟ ಆಗದಿದ್ದರೆ ನಷ್ಟವನ್ನ ತಾನೇ ಹೊರೋ ಒಬ್ಬರು ನಮಗೆ ಬೇಕು. ಇವೆರಡೂ ಇದ್ದವರನ್ನೇ ನಾನು ಇಲ್ಲಿ "ನೆಲೆಯೂರಿದ ಪ್ರಕಾಶಕ" ಅಂತ ಕರೀತಿರೋದು.

ಮೊದಲು ಮಿಲ್ಸ್ ಅಂಡ್ ಬೂನ್ ಕಥೆ

ರೊಮ್ಯಾನ್ಸ್ ಪ್ರಕಾಶಕ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಈ ಹೆಸರು. ಜಯನಗರ ಫೋರ್ತ್ ಬ್ಲಾಕಿನಲ್ಲಿ ಬೆಳೆದ ಎಷ್ಟೋ ಮನೆಗಳಲ್ಲಿ ಅಮ್ಮನೋ ಚಿಕ್ಕಮ್ಮನೋ ಕಾಲೇಜು ದಿನಗಳಲ್ಲಿ ಟೆಕ್ಸ್ಟ್‌ಬುಕ್ಕಿನ ಒಳಗಿಟ್ಟು ಓದಿದ ಪುಸ್ತಕಗಳು ಇವು. ಜೆರಾಲ್ಡ್ ಮಿಲ್ಸ್ ಮತ್ತು ಚಾರ್ಲ್ಸ್ ಬೂನ್ ಅನ್ನೋ ಇಬ್ಬರು 1908ರಲ್ಲಿ ಲಂಡನ್ನಿನಲ್ಲಿ ಈ ಸಂಸ್ಥೆ ಶುರು ಮಾಡಿದರು. ಆಗ ಅವರದು ಎಲ್ಲಾ ಥರದ ಪುಸ್ತಕ ಹಾಕೋ ಸಾಮಾನ್ಯ ಪ್ರಕಾಶನ. 1930ರ ದಶಕದಲ್ಲಿ ಅವರು ಪ್ರೇಮ ಕಾದಂಬರಿಗಳ ಕಡೆ ತಿರುಗಿದರು. ಆಗ ಇಂಗ್ಲೆಂಡಿನಲ್ಲಿ ಕೆಲವೇ ಪೆನ್ಸ್ ಬಾಡಿಗೆಗೆ ಪುಸ್ತಕ ಕೊಡೋ ಲೈಬ್ರರಿಗಳು ಬೀದಿಬೀದಿಯಲ್ಲಿದ್ದವು. ಮಿಲ್ಸ್ ಅಂಡ್ ಬೂನ್ ಪುಸ್ತಕಗಳಿಗೆಲ್ಲ ಒಂದೇ ಥರದ ಕಂದು ಬಣ್ಣದ ಬೈಂಡಿಂಗ್. ಓದುವವರು ಲೇಖಕಿಯ ಹೆಸರು ಕೇಳ್ತಿರಲಿಲ್ಲ, "ಆ ಕಂದು ಪುಸ್ತಕ ಕೊಡಿ" ಅಂತಿದ್ದರು.

ಇಲ್ಲಿ ವಿಷಯ ಇರೋದು. ಯಾರಿಗೂ ಗೊತ್ತಿಲ್ಲದ ಹೊಸ ಲೇಖಕಿಯ ಮೊದಲ ಪುಸ್ತಕ ಕೂಡ ಆ ಕಂದು ಬೈಂಡಿಂಗಿನ ಒಳಗೆ ಹೋದರೆ ಮೊದಲ ವಾರದಿಂದಲೇ ಜನ ಓದ್ತಿದ್ದರು. ಓದುಗರ ನಂಬಿಕೆ ಲೇಖಕಿಯ ಮೇಲಲ್ಲ, ಕಪಾಟಿನ ಮೇಲೆ. ಆ ನಂಬಿಕೆಯನ್ನ ಹೊಸಬರಿಗೆ ಸಾಲವಾಗಿ ಕೊಡೋದೇ ನೆಲೆಯೂರಿದ ಪ್ರಕಾಶಕರ ಮುಖ್ಯ ಕೆಲಸ.

ಕೆನಡಾದ ವಿನಿಪೆಗ್‌ನಲ್ಲಿ 1949ರಲ್ಲಿ ಶುರುವಾದ ಹಾರ್ಲೆಕ್ವಿನ್ ಸಂಸ್ಥೆ 1971ರಲ್ಲಿ ಮಿಲ್ಸ್ ಅಂಡ್ ಬೂನನ್ನ ಕೊಂಡುಕೊಂಡಿತು. 2014ರಲ್ಲಿ ಹಾರ್ಲೆಕ್ವಿನ್ ಹಾರ್ಪರ್‌ಕಾಲಿನ್ಸ್ ಒಳಗೆ ಸೇರಿತು. ಇಷ್ಟು ದೊಡ್ಡ ಸಂಸ್ಥೆಯಾದರೂ ಅದರ ಬಾಗಿಲು ಹೊಸಬರಿಗೆ ಮುಚ್ಚಿಲ್ಲ. ಏಜೆಂಟ್ ಇಲ್ಲದೆ ನೇರವಾಗಿ ಹಸ್ತಪ್ರತಿ ಕಳಿಸಬಹುದು. ಯಾವ ಸರಣಿಗೆ ಎಂಥ ಕಥೆ ಬೇಕು, ಎಷ್ಟು ಪದ ಬೇಕು ಅಂತ ಅವರೇ ಬರೆದು ಹಾಕಿರ್ತಾರೆ. ಒಂದು ಸರಣಿಗೆ 50,000 ಪದ ಅಂದರೆ 50,000 ಪದ. ನಮ್ಮ ಸಿಲಬಸ್ ಕಾಪಿ ಇದ್ದ ಹಾಗೆ, ಏನು ಕೇಳ್ತಾರೆ ಅಂತ ಮುಂಚೆನೇ ಗೊತ್ತು.

ನಮ್ಮ ಊರಿಗೂ ಇದಕ್ಕೂ ಒಂದು ನಂಟಿದೆ. ಮಿಲ್ಸ್ ಅಂಡ್ ಬೂನ್ 2008ರಲ್ಲಿ ಭಾರತಕ್ಕೆ ಬಂದ ಮೇಲೆ ಹೊಸ ಬರಹಗಾರರಿಗಾಗಿ ಒಂದು ಕಥಾ ಸ್ಪರ್ಧೆ ಇಟ್ಟಿತು. ಅದರಲ್ಲಿ ಗೆದ್ದವರು ಬೆಂಗಳೂರಿನಲ್ಲಿರೋ, ಜಾಹೀರಾತು ಕ್ಷೇತ್ರದಲ್ಲಿ ಕೆಲಸ ಮಾಡ್ತಿದ್ದ ಮಿಲನ್ ವೋಹ್ರಾ. ಅವರ "ದಿ ಲವ್ ಆಸನಾ" 2010ರಲ್ಲಿ ಬಂತು, ಅವರು ಮಿಲ್ಸ್ ಅಂಡ್ ಬೂನಿನ ಮೊದಲ ಭಾರತೀಯ ಲೇಖಕಿ ಅಂತ ಹೆಸರಾದರು. ಗಮನಿಸಿ, ಒಂದು ಸಣ್ಣ ಕಥೆಯಿಂದ ಶುರುವಾಗಿದ್ದು. ಪೂರ್ತಿ ಕಾದಂಬರಿಯನ್ನ ಸ್ವಂತ ದುಡ್ಡಲ್ಲಿ ಅಚ್ಚು ಹಾಕಿಸಿ ಅಂಗಡಿ ಅಂಗಡಿ ಅಲೆಯೋದಕ್ಕಿಂತ ಹಗುರವಾದ ದಾರಿ.

ಕನ್ನಡದಲ್ಲಿ ಅಂಥದ್ದು ಇದೆಯಾ?

ಬರೀ ಪ್ರೇಮ ಕಾದಂಬರಿಗೇ ಮೀಸಲಾದ, ಅಷ್ಟು ದೊಡ್ಡ ಕನ್ನಡ ಪ್ರಕಾಶನ ಇಲ್ಲ. ಆದರೆ ಅದೇ ಕೆಲಸ ಮಾಡ್ತಿದ್ದ ಒಂದು ವ್ಯವಸ್ಥೆ ಇತ್ತು. ನಮ್ಮ ಅಜ್ಜಿಯಂದಿರಿಗೆ ಅದು ಚೆನ್ನಾಗಿ ಗೊತ್ತು.

ಅದರಲ್ಲಿ ಮೂರು ಮೆಟ್ಟಿಲು. ಮೊದಲನೇದು ವಾರಪತ್ರಿಕೆ. "ಪ್ರಜಾಮತ", 1965ರಲ್ಲಿ ಶುರುವಾದ "ಸುಧಾ", 1983ರಲ್ಲಿ ಬಂದ "ತರಂಗ", ಇವೆಲ್ಲ ಕಾದಂಬರಿಗಳನ್ನ ವಾರವಾರ ಧಾರಾವಾಹಿಯಾಗಿ ಹಾಕ್ತಿದ್ದವು. ಎರಡನೇದು ಪುಸ್ತಕ. ಧಾರಾವಾಹಿ ಮುಗಿದ ಮೇಲೆ ಪ್ರಕಾಶಕರು ಅದನ್ನ ಪುಸ್ತಕವಾಗಿ ತರ್ತಿದ್ದರು. ಆ ಪುಸ್ತಕ ಹೆಚ್ಚಾಗಿ ಹೋಗ್ತಿದ್ದದ್ದು ಬಡಾವಣೆಯ ಸರ್ಕ್ಯುಲೇಟಿಂಗ್ ಲೈಬ್ರರಿಗಳಿಗೆ. ದಿನಕ್ಕೆ ಇಷ್ಟು ಪೈಸೆ ಅಂತ ಬಾಡಿಗೆ, ಕೈಯಿಂದ ಕೈಗೆ ಹೋಗಿ ಹೋಗಿ ರಟ್ಟು ಕಿತ್ತು ಬಂದಿರ್ತಿದ್ದ ಪುಸ್ತಕಗಳು. ಮೂರನೇದು ಸಿನಿಮಾ.

ಈ ಮೆಟ್ಟಿಲು ಹತ್ತಿದವರ ಹೆಸರು ಕೇಳಿದರೆ ನಿಮಗೆ ಆಶ್ಚರ್ಯ ಆಗಬಹುದು, ಯಾಕಂದರೆ ಆ ಸಿನಿಮಾಗಳು ನಿಮಗೆ ಗೊತ್ತು. ತ್ರಿವೇಣಿಯವರ "ಬೆಳ್ಳಿಮೋಡ" 1967ರಲ್ಲಿ, "ಶರಪಂಜರ" 1971ರಲ್ಲಿ ಪುಟ್ಟಣ್ಣ ಕಣಗಾಲ್ ಕೈಯಲ್ಲಿ ಸಿನಿಮಾ ಆದವು. ಎಂ.ಕೆ. ಇಂದಿರಾ ಅವರ "ಗೆಜ್ಜೆಪೂಜೆ" 1969ರಲ್ಲಿ. ವಾಣಿಯವರ "ಎರಡು ಕನಸು" 1974ರಲ್ಲಿ, "ಶುಭಮಂಗಳ" 1975ರಲ್ಲಿ. ಉಷಾ ನವರತ್ನರಾಂ ಅವರ ಕಾದಂಬರಿಯಿಂದ ಬಂದದ್ದು 1984ರ "ಬಂಧನ". ನೂರಕ್ಕೂ ಹೆಚ್ಚು ಕಾದಂಬರಿ ಬರೆದ ಸಾಯಿಸುತೆ ಅವರ ಪುಸ್ತಕಗಳು ಇವತ್ತಿಗೂ ಮರುಮುದ್ರಣ ಆಗ್ತಿವೆ. ಇವರೆಲ್ಲರನ್ನ ಬರೀ "ರೊಮ್ಯಾನ್ಸ್" ಅಂತ ಕರೆದರೆ ತಪ್ಪಾಗುತ್ತೆ. ತ್ರಿವೇಣಿ ಮನಸ್ಸಿನ ಕಾಯಿಲೆಯ ಬಗ್ಗೆ ಬರೆದರು, ಇಂದಿರಾ ಸಂಪ್ರದಾಯದ ಕ್ರೌರ್ಯದ ಬಗ್ಗೆ ಬರೆದರು. ಆದರೆ ಓದುಗರನ್ನ ಒಳಗೆ ಕರೆದದ್ದು ಪ್ರೀತಿ, ಮದುವೆ, ಸಂಸಾರದ ಕಥೆಯೇ.

ಇದರಲ್ಲಿ ನಮಗೆ ಬೇಕಾದ ಪಾಠ ಏನು? ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ "ತುಂಗಭದ್ರ" ಬಂದದ್ದು 1963ರಲ್ಲಿ, ಆಗ ಅವರಿಗೆ ಹತ್ತಿರ ಹತ್ತಿರ 46 ವರ್ಷ. ದೊಡ್ಡ ಡಿಗ್ರಿ ಇಲ್ಲ, ಫಾಲೋವರ್ಸ್ ಅನ್ನೋ ಮಾತೇ ಇಲ್ಲದ ಕಾಲ. ಅಂಥವರ ಬರಹ ಸಾವಿರಾರು ಮನೆಗಳಿಗೆ ಹೋಗಿದ್ದು ನಡುವೆ ಪತ್ರಿಕೆ, ಪ್ರಕಾಶಕ, ಲೈಬ್ರರಿ ಅನ್ನೋ ಕೊಂಡಿ ಇದ್ದಿದ್ದರಿಂದ. ಕೊಂಡಿ ಇಲ್ಲದಿದ್ದರೆ ಏನಾಗುತ್ತೆ ಅನ್ನೋದಕ್ಕೂ ನಮ್ಮಲ್ಲೇ ಉದಾಹರಣೆ ಇದೆ. ಕನ್ನಡ ಕಾದಂಬರಿಯ ಆರಂಭ ಕಾಲದ ಗಳಗನಾಥರು (1869–1942) ತಮ್ಮ ಪುಸ್ತಕಗಳನ್ನ ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದರು ಅಂತ ಇವತ್ತಿಗೂ ಗೌರವದಿಂದ ಹೇಳ್ತಾರೆ. ಗೌರವ ಕೊಡೋಣ. ಆದರೆ ಆ ಹೊರೆ ಎಷ್ಟಿತ್ತು ಅನ್ನೋದನ್ನೂ ಯೋಚಿಸೋಣ. ಇವತ್ತು ಸ್ವಂತವಾಗಿ ಪುಸ್ತಕ ಹಾಕಿಸಿದವರು ಅದೇ ಹೊರೆಯನ್ನ ಸ್ಕೂಟರಿನಲ್ಲಿ ಹೊರ್ತಾರೆ, ಅಷ್ಟೇ ವ್ಯತ್ಯಾಸ.

ಲೆಕ್ಕ ಹಾಕಿ ನೋಡೋಣ

ನಾವು ಎಂಜಿನಿಯರಿಂಗ್ ಹುಡುಗರು, ಲೆಕ್ಕ ಇಲ್ಲದೆ ಯಾವುದನ್ನೂ ನಂಬಲ್ಲ. ಕೆಳಗಿನ ಅಂಕಿಗಳು ಉದಾಹರಣೆಗಾಗಿ ಇಟ್ಟುಕೊಂಡವು, ನಿಮ್ಮ ಅಂಕಿ ಹಾಕಿ ಬದಲಾಯಿಸಿಕೊಳ್ಳಿ.

200 ಪುಟದ ಕಾದಂಬರಿ, ಬೆಲೆ 200 ರೂಪಾಯಿ. ನೀವೇ 500 ಪ್ರತಿ ಅಚ್ಚು ಹಾಕಿಸ್ತೀರಿ. ಪ್ರತಿಗೆ 80 ರೂಪಾಯಿ ಅಂದರೆ 40,000. ಮುಖಪುಟ, ಡಿಟಿಪಿ, ಕರಡು ತಿದ್ದೋದು ಎಲ್ಲಾ ಸೇರಿ 15,000. ಒಟ್ಟು 55,000 ರೂಪಾಯಿ ನಿಮ್ಮ ಜೇಬಿಂದ, ಒಂದು ಪ್ರತಿನೂ ಮಾರೋಕೆ ಮುಂಚೆ. ಅಂಗಡಿಯವರು ಶೇ 40 ಕಮಿಷನ್ ಇಟ್ಟುಕೊಂಡರೆ ನಿಮಗೆ ಪ್ರತಿಗೆ ಸಿಗೋದು 120. ಹಾಕಿದ ದುಡ್ಡು ವಾಪಸ್ ಬರೋಕೆ 459 ಪ್ರತಿ ಹೋಗಬೇಕು. 500ರಲ್ಲಿ 459! ಎಲ್ಲಾ 500 ಮಾರಿದರೂ ಲಾಭ 5,000 ರೂಪಾಯಿ. ನಿಮ್ಮ ವಾಟ್ಸಾಪ್ ಗ್ರೂಪಿನವರೆಲ್ಲ ಕೊಂಡರು ಅಂದುಕೊಂಡರೂ ನೂರು ದಾಟೋದು ಕಷ್ಟ. ಮಿಕ್ಕಿದ್ದು ಹಾಸ್ಟೆಲ್ ಮಂಚದ ಕೆಳಗೆ.

ಈಗ ಪ್ರಕಾಶಕರ ದಾರಿ. ಅದೇ ಪುಸ್ತಕ, ಅದೇ ಬೆಲೆ, ಶೇ 10 ಗೌರವಧನ ಅಂದರೆ ಪ್ರತಿಗೆ 20 ರೂಪಾಯಿ. 459 ಪ್ರತಿ ಹೋದರೆ ನಿಮಗೆ 9,180. ನೂರೇ ಪ್ರತಿ ಹೋದರೆ 2,000. ದೊಡ್ಡ ದುಡ್ಡಲ್ಲ, ಒಪ್ಪಿಕೊಳ್ಳೋಣ. ಆದರೆ ನೂರೇ ಪ್ರತಿ ಹೋದಾಗ ಸ್ವಂತ ದಾರಿಯಲ್ಲಿ ನಿಮಗೆ ಬಂದದ್ದು 12,000, ಹೋಗಿದ್ದು 55,000. ಅಂದರೆ 43,000 ನಷ್ಟ. ಇಲ್ಲಿ ಆ ನಷ್ಟ ಪ್ರಕಾಶಕರದ್ದು.

ನಷ್ಟ ಅವರದ್ದು ಅನ್ನೋದೇ ಇಡೀ ವ್ಯವಸ್ಥೆಯ ಎಂಜಿನ್. ಪುಸ್ತಕ ಹೋಗದಿದ್ದರೆ ಕೈ ಸುಡೋದು ತನ್ನದೇ ಅಂತ ಗೊತ್ತಿರೋ ಪ್ರಕಾಶಕ ಚೆನ್ನಾಗಿಲ್ಲದ್ದನ್ನ ಬೇಡ ಅಂತಾನೆ, ಚೆನ್ನಾಗಿರೋದನ್ನ ಇನ್ನೂ ತಿದ್ದಿಸ್ತಾನೆ, ಅಂಗಡಿಗೆ ಫೋನ್ ಮಾಡ್ತಾನೆ, ಪುಸ್ತಕ ಮೇಳದಲ್ಲಿ ಮುಂದಿನ ಸಾಲಲ್ಲಿ ಇಡ್ತಾನೆ, ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಅರ್ಜಿ ಹಾಕ್ತಾನೆ. ಲೇಖಕರಿಂದಲೇ ಮೊದಲು ದುಡ್ಡು ಇಸ್ಕೊಂಡವನಿಗೆ ಇದ್ಯಾವುದರ ಅವಶ್ಯಕತೆಯೂ ಇಲ್ಲ. ಅವನ ಲಾಭ ಮೊದಲ ದಿನವೇ ಬಂದುಬಿಟ್ಟಿರುತ್ತೆ.

"ಮೇಡಂ, ನಿಮ್ಮ ಬುಕ್ ಸೆಲೆಕ್ಟ್ ಆಗಿದೆ"

ನಮ್ಮ ಬ್ಯಾಚಿನ ಒಬ್ಬಳಿಗೆ ಆದದ್ದು ಹೇಳ್ತೀನಿ, ಅವಳ ಒಪ್ಪಿಗೆ ತಗೊಂಡೇ. ಅವಳು ಕನ್ನಡದಲ್ಲಿ ಒಂದು ಕಾದಂಬರಿ ಬರೆದಿದ್ದಾಳೆ. ಬಿಟಿಎಂನಲ್ಲಿ ಪಿಜಿಯಲ್ಲಿರೋ ಹುಡುಗಿ, ಜೆಪಿ ನಗರದ ಹುಡುಗ, ಇಬ್ಬರ ನಡುವೆ ಒಂದು ಮೆಟ್ರೋ ಲೈನು. ಒಂದು ಸಂಜೆ ಯಾವುದೋ ಜಾಹೀರಾತು ನೋಡಿ ಪೂರ್ತಿ ಹಸ್ತಪ್ರತಿ ಅಪ್ಲೋಡ್ ಮಾಡಿದಳು. ಮಾರನೇ ದಿನ ಬೆಳಗ್ಗೆ ಹತ್ತೂವರೆಗೆ ಫೋನ್.

"ಮೇಡಂ, ಕಂಗ್ರಾಟ್ಸ್, ನಿಮ್ಮ ಬುಕ್ ಸೆಲೆಕ್ಟ್ ಆಗಿದೆ. ನಮ್ಮ ಎಡಿಟೋರಿಯಲ್ ಟೀಮಿಗೆ ತುಂಬಾ ಇಷ್ಟ ಆಯ್ತು."

ಸಿಲ್ವರ್, ಗೋಲ್ಡ್, ಪ್ಲಾಟಿನಂ ಅಂತ ಮೂರು ಪ್ಯಾಕೇಜು. ಗೋಲ್ಡಿಗೆ 35,000. ಇವತ್ತೇ ಕಟ್ಟಿದರೆ ಐದು ಸಾವಿರ ಕಮ್ಮಿ. ಅವಳು ಎರಡು ವರ್ಷ ಪಕ್ಕದ ಮನೆ ಮಕ್ಕಳಿಗೆ ಟ್ಯೂಷನ್ ಹೇಳಿಕೊಟ್ಟು ಕೂಡಿಟ್ಟಿದ್ದು ಹೆಚ್ಚು ಕಮ್ಮಿ ಅಷ್ಟೇ. ಕ್ಯಾಂಟೀನಲ್ಲಿ ಸ್ಪೀಕರ್ ಹಾಕಿದಳು, ನಾವು ನಾಲ್ಕು ಜನ ಸುತ್ತ ಕೂತಿದ್ವಿ. ಅವಳೇ ಒಂದು ಪ್ರಶ್ನೆ ಕೇಳಿದಳು: "ಸರ್, ಕಥೆ ಇಷ್ಟ ಆಯ್ತು ಅಂದ್ರಲ್ಲ, ಹೀರೋಯಿನ್ ಹೆಸರೇನು?"

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಅದು ಟೀಮ್ ನೋಡಿರೋದು ಮೇಡಂ, ನಾನು ಪೇಮೆಂಟ್ ಸೈಡ್."

ಅವಳು ದುಡ್ಡು ಕಟ್ಟಲಿಲ್ಲ. ಆದರೆ ಎರಡು ದಿನ ಸಪ್ಪಗಿದ್ದಳು. ದುಡ್ಡಿನ ವಿಷಯಕ್ಕಲ್ಲ. "ಹತ್ತು ನಿಮಿಷ ನನ್ನ ಬುಕ್ ನಿಜವಾಗಲೂ ಚೆನ್ನಾಗಿದೆ ಅಂತ ನಂಬಿದ್ದೆ ಕಣೋ" ಅಂದಳು. ಈ ವ್ಯಾಪಾರ ಮಾರೋದು ಪುಸ್ತಕವನ್ನಲ್ಲ, ಆ ಹತ್ತು ನಿಮಿಷವನ್ನ.

ಒಂದು ವಿಷಯ ಸ್ಪಷ್ಟ ಮಾಡ್ತೀನಿ. ಮುದ್ರಣ, ಮುಖಪುಟ, ಕರಡು ತಿದ್ದೋದಕ್ಕೆ ಬೆಲೆ ಹೇಳಿ, ಅಷ್ಟು ಕೆಲಸ ಮಾಡಿಕೊಡೋದು ಮೋಸ ಅಲ್ಲ. ಅದು ಸೇವೆ. ಸೇವೆಯನ್ನ "ಆಯ್ಕೆ" ಅಂತ ಹೇಳಿ ಮಾರೋದು ಮೋಸ. ವ್ಯತ್ಯಾಸ ತಿಳಿಯೋಕೆ ಒಂದೇ ಸೂತ್ರ ಸಾಕು: ದುಡ್ಡು ಯಾವ ಕಡೆಯಿಂದ ಯಾವ ಕಡೆಗೆ ಹರೀತಿದೆ ನೋಡಿ. ಪ್ರಕಾಶಕರಿಂದ ಲೇಖಕರ ಕಡೆಗಾದರೆ ಅದು ಪ್ರಕಾಶನ. ಉಲ್ಟಾ ಆದರೆ ನೀವು ಲೇಖಕರಲ್ಲ, ಗಿರಾಕಿ.

ದೊಡ್ಡ ಹೆಸರಿದ್ದರೂ ಈ ಸೂತ್ರ ಬಿಡಬಾರದು. 2009ರಲ್ಲಿ ಸ್ವತಃ ಹಾರ್ಲೆಕ್ವಿನ್ ಸಂಸ್ಥೆ ಲೇಖಕರೇ ದುಡ್ಡು ಕೊಟ್ಟು ಪುಸ್ತಕ ಹಾಕಿಸೋ ಒಂದು ವಿಭಾಗ ಶುರು ಮಾಡಿ ಅದಕ್ಕೆ ತನ್ನ ಹೆಸರನ್ನೇ ಇಟ್ಟಿತ್ತು. ಅಮೆರಿಕದ ರೊಮ್ಯಾನ್ಸ್ ಲೇಖಕರ ಸಂಘ ತಿರುಗಿಬಿತ್ತು, ಹಾರ್ಲೆಕ್ವಿನ್‌ಗೆ ಕೊಡ್ತಿದ್ದ ಮಾನ್ಯತೆಯನ್ನ ವಾಪಸ್ ತಗೊಂಡಿತು. ಕೊನೆಗೆ ಆ ವಿಭಾಗದಿಂದ ಹಾರ್ಲೆಕ್ವಿನ್ ಹೆಸರನ್ನೇ ತೆಗೀಬೇಕಾಯ್ತು. ಕಪಾಟಿನ ಮೇಲಿನ ನಂಬಿಕೆಯನ್ನ ದುಡ್ಡಿಗೆ ಮಾರಿದರೆ ಆ ಕಪಾಟಲ್ಲಿರೋ ಎಲ್ಲರಿಗೂ ನಷ್ಟ ಅಂತ ಅಲ್ಲಿನ ಲೇಖಕಿಯರಿಗೆ ಗೊತ್ತಿತ್ತು.

ಬೇಡ ಅನ್ನೋ ಮನುಷ್ಯ ಯಾಕೆ ಬೇಕು

ನನ್ನ ಥರ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರಿಗೆ ಈ ಭಾಗ. ನಮ್ಮ ಕನ್ನಡ ಮಾತಾಡೋಕೆ ಚೆನ್ನಾಗಿರುತ್ತೆ, ಬರೆದಾಗ ಬಣ್ಣ ಬಯಲಾಗುತ್ತೆ. ಅಕಾರ ಹಕಾರ ಅದಲು ಬದಲು. ಹೀರೋ "ಹಾಡೋಕೆ" ಶುರು ಮಾಡಿದ ಅಂತ ಬರೀಬೇಕಾದ ಕಡೆ "ಆಡೋಕೆ" ಶುರು ಮಾಡಿದ ಅಂತ ಬರೆದರೆ ಸೀನೇ ಬದಲಾಗಿಬಿಡುತ್ತೆ. ಲ-ಳ ಇನ್ನೊಂದು ಗಂಡಾಂತರ: "ಅವಳ ಕಾಲು ನೋವು" ಮತ್ತು "ಅವಳ ಕಾಳು ನೋವು" ಎರಡೂ ಒಂದೇ ಅಲ್ಲ. ಫೋನಿನ ಕೀಬೋರ್ಡ್ ಇದನ್ನೆಲ್ಲ ತಿದ್ದಲ್ಲ. ಕೆಲವು ಸಲ ಅದೇ ತಪ್ಪನ್ನ ಸಜೆಸ್ಟ್ ಮಾಡುತ್ತೆ.

ಆದರೆ ಕಾಗುಣಿತ ಸಣ್ಣ ವಿಷಯ. ಪ್ರೇಮಕಥೆಯ ನಿಜವಾದ ಕಷ್ಟ ಬೇರೆ. ಇಬ್ಬರು ಒಂದಾಗ್ತಾರೆ ಅಂತ ಓದುಗರಿಗೆ ಮೊದಲ ಪುಟದಲ್ಲೇ ಗೊತ್ತು. ಗೊತ್ತಿದ್ದೂ ಇನ್ನೂರು ಪುಟ ಓದಿಸಬೇಕು. ಎಲ್ಲಿ ತಡ ಆಯ್ತು, ಎಲ್ಲಿ ಇಬ್ಬರ ಜಗಳಕ್ಕೆ ಕಾರಣವೇ ಸಾಲದು, ಎಲ್ಲಿ ಹುಡುಗ ಹಿಂದೆ ಬಿದ್ದಿದ್ದು ಪ್ರೀತಿ ಅನ್ನಿಸದೆ ಕಾಟ ಅನ್ನಿಸ್ತಿದೆ, ಇದನ್ನ ಫ್ರೆಂಡ್ಸ್ ಹೇಳಲ್ಲ. "ಸೂಪರ್ ಮಗಾ" ಅಂತಾರೆ, ಮುಗೀತು. ಹತ್ತಾರು ಪ್ರೇಮ ಕಾದಂಬರಿ ಹೊರತಂದ ಪ್ರಕಾಶಕರ ಹತ್ತಿರ ಇದನ್ನ ಗುರುತಿಸೋ ಕಣ್ಣು ಇರುತ್ತೆ. ಎಲ್ಲಾ ಪ್ರಕಾಶಕರೂ ಸಂಪಾದಕರನ್ನ ಇಟ್ಟುಕೊಂಡಿರ್ತಾರೆ ಅಂತಲ್ಲ. ಅದಕ್ಕೇ ಕೇಳಬೇಕು: "ನನ್ನ ಹಸ್ತಪ್ರತಿಯನ್ನ ಯಾರು ತಿದ್ದುತ್ತಾರೆ?" ಉತ್ತರ ಇಲ್ಲದಿದ್ದರೆ ಅದೂ ಒಂದು ಉತ್ತರವೇ.

ಸಹಿ ಹಾಕೋ ಮುಂಚೆ

ಪ್ರಕಾಶಕರ ಹತ್ತಿರ ಹೋಗೋದರಲ್ಲಿ ಕಳೆದುಕೊಳ್ಳೋದೂ ಇದೆ. ಕಾಯಬೇಕು. ಗೌರವಧನ ಕಮ್ಮಿ. ಮುಖಪುಟ ನಿಮಗಿಷ್ಟ ಆಗದೇ ಇರಬಹುದು. ಎಲ್ಲಕ್ಕಿಂತ ಮುಖ್ಯ, ಹಕ್ಕು. ಭಾರತದ ಕಾಪಿರೈಟ್ ಕಾಯಿದೆ (1957) ಪ್ರಕಾರ ನೀವು ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು. ರಿಜಿಸ್ಟರ್ ಮಾಡಿಸಲೇಬೇಕು ಅಂತಿಲ್ಲ. ಅದು ನಿಮ್ಮ ಜೀವಿತಾವಧಿ ಮತ್ತು ಆಮೇಲಿನ 60 ವರ್ಷ ಇರುತ್ತೆ. ಅದನ್ನ ಬೇರೆಯವರಿಗೆ ಬರೆದುಕೊಡೋ ವಿಷಯದಲ್ಲಿ 19ನೇ ಸೆಕ್ಷನ್ ನಮ್ಮ ಕಡೆ ನಿಲ್ಲುತ್ತೆ:

ಬಾಯಿಮಾತಿನ ವರ್ಗಾವಣೆಗೆ ಬೆಲೆ ಇಲ್ಲ. ಬರಹದಲ್ಲಿರಬೇಕು, ನಿಮ್ಮ ಸಹಿ ಇರಬೇಕು.

ಯಾವ ಹಕ್ಕು, ಎಷ್ಟು ವರ್ಷ, ಯಾವ ಪ್ರದೇಶಕ್ಕೆ, ಎಷ್ಟು ಗೌರವಧನ ಅಂತ ಒಪ್ಪಂದದಲ್ಲಿ ಹೇಳಿರಬೇಕು.

ಎಷ್ಟು ವರ್ಷ ಅಂತ ಬರೆಯದಿದ್ದರೆ 5 ವರ್ಷ ಅಂತ ಅರ್ಥ. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ.

ಹಕ್ಕು ತಗೊಂಡವರು ಒಂದು ವರ್ಷದೊಳಗೆ ಅದನ್ನ ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ಏನೂ ಹೇಳಿರದಿದ್ದರೆ, ಆ ಹಕ್ಕು ನಿಮಗೇ ವಾಪಸ್.

ಹಾಗಾಗಿ "ಎಲ್ಲಾ ಹಕ್ಕುಗಳೂ, ಶಾಶ್ವತವಾಗಿ" ಅನ್ನೋ ಸಾಲು ಕಂಡರೆ ಪೆನ್ನು ಕೆಳಗಿಡಿ. ಕನ್ನಡದಲ್ಲಿ ಮುದ್ರಿತ ಪುಸ್ತಕದ ಹಕ್ಕು ಕೊಡೋದು ಒಂದು, ಇ-ಬುಕ್, ಆಡಿಯೋ, ಅನುವಾದ, ಸಿನಿಮಾ ಹಕ್ಕು ಕೊಡೋದು ಬೇರೆ. ಮೇಲೆ ಹೇಳಿದ ಸಿನಿಮಾಗಳ ಪಟ್ಟಿ ನೆನಪಿದೆಯಲ್ಲ? ಪ್ರೇಮ ಕಾದಂಬರಿ ತೆರೆಗೆ ಹೋಗೋದು ನಮ್ಮಲ್ಲಿ ಕನಸಿನ ಮಾತಲ್ಲ, ನಡೆದ ಮಾತು. ಆ ಹಕ್ಕನ್ನ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ.

ಇ-ಬುಕ್ ಸಾಲನ್ನಂತೂ ಎರಡು ಸಲ ಓದಿ. ಹಾರ್ಲೆಕ್ವಿನ್ ತಮಗೆ ಇ-ಬುಕ್ ಗೌರವಧನವನ್ನ ತನ್ನದೇ ಅಂಗಸಂಸ್ಥೆಯ ಮೂಲಕ ಲೆಕ್ಕ ಹಾಕಿ ಕಮ್ಮಿ ಕೊಟ್ಟಿದೆ ಅಂತ ಕೆಲವು ಲೇಖಕರು 2012ರಲ್ಲಿ ಅಮೆರಿಕದ ಕೋರ್ಟಿಗೆ ಹೋದರು. 2016ರಲ್ಲಿ ಅದು 41 ಲಕ್ಷ ಡಾಲರಿಗೆ ರಾಜಿ ಆಯ್ತು. ನೆಲೆಯೂರಿದ ಪ್ರಕಾಶಕ ಅಂದರೆ ಕಣ್ಣು ಮುಚ್ಚಿ ಸಹಿ ಹಾಕಬಹುದು ಅಂತಲ್ಲ. ಜಗಳ ಬಂದರೆ ಎದುರಿಗೆ ವಿಳಾಸ ಇರೋ, ಹೆಸರು ಉಳಿಸಿಕೊಳ್ಳಬೇಕಾದ ಒಬ್ಬರಿರ್ತಾರೆ ಅಂತ.

ಆ್ಯಪ್‌ಗಳು ಬೇಡವಾ?

ಬೇಕು, ಆದರೆ ಯಾವುದಕ್ಕೆ ಅಂತ ಗೊತ್ತಿರಬೇಕು. 2014ರಲ್ಲಿ ಶುರುವಾದ ಪ್ರತಿಲಿಪಿ ಬೆಂಗಳೂರಿನದೇ ಕಂಪನಿ, ಅಲ್ಲಿ ಕನ್ನಡದ ಪ್ರೇಮ ಧಾರಾವಾಹಿಗಳನ್ನ ಓದೋ ದೊಡ್ಡ ಬಳಗ ಇದೆ. ಒಂಥರಾ ಹಳೇ ವಾರಪತ್ರಿಕೆಯ ಜಾಗವನ್ನ ಅದು ತುಂಬ್ತಿದೆ. ಕಂತು ಕಂತಾಗಿ ಬರೆಯೋ ಶಿಸ್ತು ಬರುತ್ತೆ, ಓದುಗರು ಎಲ್ಲಿ ಬಿಟ್ಟು ಹೋದರು ಅಂತ ತಿಳಿಯುತ್ತೆ. ಆದರೆ ಅಲ್ಲಿ ಯಾರೂ ಬೇಡ ಅನ್ನಲ್ಲ. ಹೀರೋಯಿನ್ ಹೆಸರು ಮೂರನೇ ಕಂತಲ್ಲಿ ಬದಲಾದರೂ ಪಬ್ಲಿಷ್ ಆಗುತ್ತೆ. ಜೊತೆಗೆ, ಪೂರ್ತಿ ಕಾದಂಬರಿ ಅಲ್ಲಿ ಪುಕ್ಕಟೆ ಇದ್ದರೆ ಕೆಲವು ಪ್ರಕಾಶಕರು ಹಿಂದೇಟು ಹಾಕಬಹುದು.

ಕಿಂಡಲ್ ಬಗ್ಗೆನೂ ಕೇಳ್ತಾರೆ. ಅಮೆಜಾನ್ 2016ರ ಕೊನೆಯಲ್ಲಿ ಭಾರತೀಯ ಭಾಷೆಗಳ ಇ-ಬುಕ್ ಶುರು ಮಾಡಿದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಕನ್ನಡದ ಇ-ಬುಕ್ ಮತ್ತು ಆಡಿಯೋ ಬುಕ್ಕಿಗೆ ಮೈಲ್ಯಾಂಗ್ ಥರದ ನಮ್ಮವರೇ ವೇದಿಕೆ ಕಟ್ಟಬೇಕಾಯ್ತು. ಅಂದರೆ ಇಂಗ್ಲಿಷ್‌ನಲ್ಲಿ ಬರೆಯೋರಿಗೆ ಸಿಗೋ "ಒಂದು ಬಟನ್ ಒತ್ತಿದರೆ ಪ್ರಪಂಚಕ್ಕೆಲ್ಲ" ಅನ್ನೋ ದಾರಿ ಕನ್ನಡದ ಲೇಖಕರಿಗೆ ಅಷ್ಟು ಸಲೀಸಾಗಿರಲಿಲ್ಲ. ಅದಕ್ಕೇ ನಮಗೆ ಪ್ರಕಾಶಕರ ಅವಶ್ಯಕತೆ ಇನ್ನೂ ಜಾಸ್ತಿ.

ಒಂದು ಶನಿವಾರ ಇಟ್ಟುಕೊಳ್ಳಿ

ಇಂಟರ್ನಲ್ಸ್ ಮುಗಿದ ಮೇಲೆ ಒಂದು ಶನಿವಾರ ಹೊರಡಿ. ಜಯನಗರದ ಸಪ್ನ ಬುಕ್ ಹೌಸಿಗೆ ಹೋಗಿ. ಅವರು ಅಂಗಡಿಯವರೂ ಹೌದು, ಪ್ರಕಾಶಕರೂ ಹೌದು. ಅಲ್ಲಿಂದ ಗಾಂಧಿ ಬಜಾರಿನ ಅಂಕಿತ ಪುಸ್ತಕಕ್ಕೆ ಹೋಗಿ, ಅವರೂ ಎರಡೂ ಮಾಡ್ತಾರೆ. ಕಾದಂಬರಿ ಕಪಾಟಿನ ಮುಂದೆ ಅರ್ಧ ಗಂಟೆ ನಿಲ್ಲಿ. ನಿಮ್ಮ ಕಥೆಯ ಥರದ ಹತ್ತು ಪುಸ್ತಕ ತೆಗೆದು ಒಳಗಿನ ಮುದ್ರಣ ವಿವರದ ಪುಟ ನೋಡಿ: ಯಾರ ಪ್ರಕಾಶನ, ಯಾವ ವರ್ಷ, ಎಷ್ಟನೇ ಮುದ್ರಣ, ಹಕ್ಕು ಯಾರ ಹೆಸರಲ್ಲಿದೆ. ಯಾವ ಪ್ರಕಾಶಕರ ಹೆಸರು ಮೂರು ನಾಲ್ಕು ಸಲ ಬಂತೋ ಅವರೇ ನಿಮ್ಮ ಪಟ್ಟಿಯ ಮೊದಲ ಹೆಸರು. ಎರಡನೇ ಮುದ್ರಣ ಕಂಡ ಹೊಸ ಲೇಖಕರಿದ್ದರೆ ಇನ್ನೂ ಒಳ್ಳೇದು. ಅವರು ಪುಸ್ತಕ ಮಾರಬಲ್ಲರು ಅಂತ ಅದಕ್ಕಿಂತ ಸಾಕ್ಷಿ ಬೇಕಿಲ್ಲ.

ಆಮೇಲೆ ಒಂದು ಪುಟದಲ್ಲಿ ಕಥಾಸಾರ ಬರೀರಿ, ಅಂತ್ಯವನ್ನೂ ಸೇರಿಸಿ. ಸಸ್ಪೆನ್ಸ್ ಓದುಗರಿಗೆ ಇರಲಿ, ಪ್ರಕಾಶಕರಿಗೆ ಬೇಡ. ಮೊದಲ ಮೂರು ಅಧ್ಯಾಯ ಪ್ರಿಂಟ್ ತೆಗೆದು ಒಬ್ಬ ಕನ್ನಡ ಮೇಷ್ಟ್ರಿಗೋ ಓದೋ ಹುಚ್ಚಿರೋ ಅತ್ತೆಗೋ ಕೊಟ್ಟು ಕೆಂಪು ಪೆನ್ನಲ್ಲಿ ತಿದ್ದಿಸಿ. ಫೈಲ್ ಯುನಿಕೋಡಲ್ಲಿ ಬೇಕಾ, ನುಡಿಯಲ್ಲಿ ಬೇಕಾ ಅಂತ ಮೊದಲೇ ಕೇಳಿ. ನಾವು ಫೋನಲ್ಲಿ ಟೈಪ್ ಮಾಡೋದು ಯುನಿಕೋಡ್, ಆದರೆ ಪುಟ ಕಟ್ಟೋ ಎಷ್ಟೋ ಕಡೆ ಈಗಲೂ ನುಡಿ ಥರದ ಹಳೇ ಫಾಂಟುಗಳೇ. ಪರಿವರ್ತನೆ ಮಾಡುವಾಗ ಒತ್ತಕ್ಷರ ಹಾಳಾಗ್ತವೆ, ಕೊನೇ ಕರಡನ್ನ ನೀವೇ ನೋಡ್ತೀನಿ ಅಂತ ಹೇಳಿ.

ಕಾದಂಬರಿ ಇನ್ನೂ ಆಗಿಲ್ಲ, ಕಥೆಗಳಿವೆ ಅನ್ನೋರಿಗೂ ದಾರಿ ಇದೆ. ಪ್ರಜಾವಾಣಿಯ ದೀಪಾವಳಿ ಕಥಾ ಸ್ಪರ್ಧೆ ಇದೆ. ವಸುಧೇಂದ್ರ ಅವರ ಛಂದ ಪುಸ್ತಕ ಹೊಸ ಕಥೆಗಾರರ ಹಸ್ತಪ್ರತಿಗೆ ಸ್ಪರ್ಧೆ ನಡೆಸಿ ಪುಸ್ತಕ ಮಾಡುತ್ತೆ. ವಸುಧೇಂದ್ರ ಓದಿದ್ದು ಸುರತ್ಕಲ್ ಎಂಜಿನಿಯರಿಂಗ್ ಕಾಲೇಜಲ್ಲಿ, ಅಂದರೆ ನಮ್ಮ ಕುಲದವರೇ. ಜೆ.ಸಿ. ರಸ್ತೆಯ ಕನ್ನಡ ಭವನದಲ್ಲಿರೋ ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡೋ ಯೋಜನೆ ಇಟ್ಟಿದೆ. ಇವೆಲ್ಲದರಲ್ಲೂ ಸಾಮಾನ್ಯವಾದದ್ದು ಒಂದೇ: ಯಾರೋ ಪೂರ್ತಿ ಓದ್ತಾರೆ, ಆಮೇಲೆ ಹೌದು ಅಥವಾ ಇಲ್ಲ ಅಂತಾರೆ.

"ಇಲ್ಲ" ಅಂದರೆ ಬೇಜಾರಾಗುತ್ತೆ, ನಿಜ. ಬ್ಯಾಕ್ ಬಂದಷ್ಟೇ ಬೇಜಾರು. ಆದರೆ ಓದಿ ಇಲ್ಲ ಅಂದವರು ನಿಮ್ಮ ಹೀರೋಯಿನ್ ಹೆಸರು ತಿಳಿದುಕೊಂಡು ಇಲ್ಲ ಅಂದಿರ್ತಾರೆ. ಅದರ ಮೇಲೆ ಇನ್ನೊಂದು ಕರಡು ಕಟ್ಟಬಹುದು. ಓದದೇ ಹೌದು ಅಂದವರ ಮಾತಿನ ಮೇಲೆ ಏನನ್ನೂ ಕಟ್ಟೋಕಾಗಲ್ಲ.